ರೇಷ್ಮೆ ಹುಳು ಮನೆಯ ಹಳೇ ಹೀಟರ್‌ಗೆ ಹೊಸ ಥರ್ಮೋಸ್ಟಾಟ್ ಹಾಕಿದೆ, ದೀಪ ಬರುತ್ತದೆ ಶಾಖ ಬರುತ್ತಿಲ್ಲ. ವೈರಿಂಗ್ ಗೊತ್ತಿರುವವರು ಹೇಳಿ

ಹಿಪ್ನೇರಳೆ ತೋಟ, ಶಿಡ್ಲಘಟ್ಟ
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ಹುಳು ಮನೆ 15ಕ್ಕೆ 25 ಅಡಿ, ಮೇಲೆ ಸಿಮೆಂಟ್ ಶೀಟು. ಒಂದು ಬೆಳೆಗೆ 75 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಯ ಗುಂಪನ್ನು ಒಂದು ಅಂತ ಲೆಕ್ಕ). ಚಾಕಿ ಸೆಂಟರ್‌ನಿಂದ (ಮರಿಹುಳು ಸಾಕಿ ಕೊಡುವ ಕಡೆ) ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳು ತರುತ್ತೇವೆ.

ಅಪ್ಪನ ಕಾಲದ ಒಂದು ಹೀಟರ್ ಇದೆ. ಒಟ್ಟು 2000 ವ್ಯಾಟು, ಒಳಗೆ 1000 ವ್ಯಾಟಿನ ಎರಡು ರಾಡು. ಪಕ್ಕದಲ್ಲಿ ತಿರುಗಿಸುವ ಥರ್ಮೋಸ್ಟಾಟ್. ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಹೋದ ಬೆಳೆಯಲ್ಲಿ ಒಂದು ರಾತ್ರಿ ಅದು ಆಫ್ ಆಗಲೇ ಇಲ್ಲ. ಬೆಳಗಿನ ಜಾವ ಐದಕ್ಕೆ ಸೊಪ್ಪು ಹಾಕಲು ಬಾಗಿಲು ತೆಗೆದರೆ ಮುಖಕ್ಕೆ ಬಿಸಿ ಹೊಡೆಯಿತು. ಗೋಡೆಯ ಥರ್ಮಾಮೀಟರ್ 34 ತೋರಿಸುತ್ತಿತ್ತು. ರಾತ್ರಿ ಹಾಕಿದ ಸೊಪ್ಪು ಹಪ್ಪಳದ ಹಾಗೆ ಒಣಗಿತ್ತು, ಹುಳುಗಳು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿಕೊಂಡು ಕೂತಿದ್ದವು. ಆ ಬೆಳೆಯಲ್ಲಿ ಸಪ್ಪೆ ರೋಗ ಬಂತು. ಅರ್ಧಕ್ಕಿಂತ ಜಾಸ್ತಿ ಗುಂಡಿಗೆ ಹಾಕಿ ಮುಚ್ಚಿದೆವು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಥರ್ಮೋಸ್ಟಾಟ್ ಬಿಚ್ಚಿ ನೋಡಿದೆ. ಒಳಗಿನ ಎರಡು ಪಾಯಿಂಟು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದ ಮೇಲೆ ಬಿಟ್ಟುಕೊಂಡವು.

ಈಗ ಎಸ್‌ಟಿಸಿ-1000 ಅಂತ ಡಿಜಿಟಲ್ ಕಂಟ್ರೋಲರ್ ತಂದಿದ್ದೇನೆ. ಹಿಂದೆ ಎಂಟು ಸ್ಕ್ರೂ ಇವೆ. 1, 2ಕ್ಕೆ ಕರೆಂಟು ಕೊಟ್ಟೆ. 3, 4ಕ್ಕೆ ಸೆನ್ಸಾರ್. 5, 6ಕ್ಕೆ ಹೀಟರ್‌ನ ಎರಡು ವೈರು. ಪರದೆಯಲ್ಲಿ ಟೆಂಪರೇಚರ್ ಬರುತ್ತದೆ, ಹೀಟ್ ದೀಪವೂ ಹತ್ತುತ್ತದೆ, ಒಳಗೆ ಟಿಕ್ ಅನ್ನುತ್ತದೆ. ಹೀಟರ್ ಮಾತ್ರ ಬಿಸಿಯಾಗುತ್ತಿಲ್ಲ. ಭಾನುವಾರ ಹುಳು ಬರುತ್ತವೆ. ಎಲ್ಲಿ ತಪ್ಪಿದೆ?

ಕೋಲಾರ ವೈರ್‌ಮನ್
5, 6ರಲ್ಲಿ ಕರೆಂಟು ಬರುವುದಿಲ್ಲ ಅಣ್ಣ. ಎಲ್ಲರೂ ಇಲ್ಲೇ ಎಡವುವುದು. ಅದು ಬರೀ ಸ್ವಿಚ್ಚು. ಗೋಡೆಯ ಸ್ವಿಚ್ಚಿನ ಹಿಂದೆ ಎರಡು ಸ್ಕ್ರೂ ಇರುತ್ತವಲ್ಲ, ಹಾಗೆ. ಒಂದು ಕಡೆ ಫೇಸ್ ಕೊಟ್ಟರೆ ಇನ್ನೊಂದು ಕಡೆ ಬರುತ್ತದೆ. ನೀವು ಫೇಸೇ ಕೊಟ್ಟಿಲ್ಲ.

ಮೊದಲು ಮೇನ್ ಆಫ್ ಮಾಡಿ. ಟೆಸ್ಟರ್ ಇಟ್ಟು ನೋಡಿ. ಆಮೇಲೆ ಎಂಸಿಬಿಯಿಂದ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಬರುವ ಫೇಸನ್ನು 1ಕ್ಕೆ ಕೊಡಿ, ಅಲ್ಲಿಂದಲೇ ಒಂದು ತುಂಡು ವೈರು 5ಕ್ಕೆ. 6ರಿಂದ ಹೀಟರ್‌ಗೆ. ಹೀಟರ್‌ನ ಇನ್ನೊಂದು ವೈರು ನೇರ ನ್ಯೂಟ್ರಲ್‌ಗೆ. 2ಕ್ಕೂ ನ್ಯೂಟ್ರಲ್. 7, 8 ತಂಪು ಮಾಡುವ ಫ್ಯಾನಿಗೆ, ಈಗ ಖಾಲಿ ಬಿಡಿ. ಹಸಿರು ವೈರು (ಅರ್ಥಿಂಗ್) ಹೀಟರ್ ಬಾಡಿಗೆ ಗಟ್ಟಿಯಾಗಿ ಕಟ್ಟಿರಬೇಕು.

ಮುಳಬಾಗಿಲು ಹುಡುಗ
ನನಗೂ ಕೋಳಿಮರಿ ಶೆಡ್ಡಿನಲ್ಲಿ ಇದೇ ಆಗಿತ್ತು! ಎರಡು ದಿನ ಕಂಟ್ರೋಲರ್ ಹಾಳಾಗಿದೆ ಅಂತ ಅಂಗಡಿಯವನ ಹತ್ತಿರ ಜಗಳ ಆಡಿದೆ. ಆಮೇಲೆ ಅವನೇ ತುಂಡು ವೈರು ಹಾಕಿ ತೋರಿಸಿದ.

ಚಿಂತಾಮಣಿ ಎಲೆಕ್ಟ್ರಿಕಲ್
ವೈರ್‌ಮನ್ ಹೇಳಿದ ಕನೆಕ್ಷನ್ ಸರಿ. ಆದರೆ 2000 ವ್ಯಾಟು ನೇರವಾಗಿ ಕಂಟ್ರೋಲರ್ ಒಳಗಿನ ಆ ಪುಟ್ಟ ರಿಲೇ (ಟಿಕ್ ಅನ್ನುವ ಸ್ವಿಚ್ಚು) ಮೇಲೆ ಹಾಕಬೇಡಿ. 2000ವನ್ನು 230ರಿಂದ ಭಾಗಿಸಿ, 8.7 ಆಂಪ್ಸ್ ಬರುತ್ತದೆ. ಆ ರಿಲೇ ಮೇಲೆ ಬರೆದಿರುವುದು 10 ಆಂಪ್ಸ್. ಲೆಕ್ಕಕ್ಕೆ ಸರಿಹೋಯಿತು ಅನಿಸುತ್ತದೆ. ಆದರೆ ಚಳಿಗಾಲದ ರಾತ್ರಿ ಮತ್ತೆ ಮತ್ತೆ ಆನ್ ಆಫ್ ಆಗುವ ಕಡೆ ಅಷ್ಟು ಹತ್ತಿರಕ್ಕೆ ಓಡಿಸಿದರೆ ಪಾಯಿಂಟು ಸುಟ್ಟು ಅಂಟಿಕೊಳ್ಳುತ್ತದೆ. ನಿಮ್ಮ ಹಳೇ ಥರ್ಮೋಸ್ಟಾಟಿಗೆ ಏನಾಯಿತೋ ಅದೇ ಹೊಸದಕ್ಕೂ ಆಗುತ್ತದೆ.

ಒಂದು ಕಾಂಟ್ಯಾಕ್ಟರ್ (ಒಳಗಿನ ಕಾಯಿಲ್‌ಗೆ ಕರೆಂಟು ಬಂದರೆ ಆನ್ ಆಗುವ ದೊಡ್ಡ ಸ್ವಿಚ್ಚು) ಹಾಕಿ, ಕಾಯಿಲ್ 230 ವೋಲ್ಟಿನದು. 25 ಆಂಪ್ಸಿನದು ಸಿಕ್ಕರೆ ನಿಶ್ಚಿಂತೆ. ಕಂಟ್ರೋಲರ್‌ನ 6ರಿಂದ ಬರುವ ಫೇಸ್ ಕಾಂಟ್ಯಾಕ್ಟರ್‌ನ ಎ1ಕ್ಕೆ, ಎ2 ನ್ಯೂಟ್ರಲ್‌ಗೆ. ಹೀಟರ್‌ನ ದೊಡ್ಡ ಕರೆಂಟು ಕಾಂಟ್ಯಾಕ್ಟರ್ ಮೂಲಕ ಹೋಗುತ್ತದೆ. ಕಂಟ್ರೋಲರ್ ಬರೀ ಆ ಕಾಯಿಲ್ ಎತ್ತುವ ಕೆಲಸ ಮಾಡುತ್ತದೆ. ಹೀಟರ್ ಲೈನಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪ್ಸ್ ಎಂಸಿಬಿ.

ಹಿಪ್ನೇರಳೆ ತೋಟ, ಶಿಡ್ಲಘಟ್ಟ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತುಂಡು ವೈರು ಹಾಕಿದ ತಕ್ಷಣ ಬಿಸಿ ಬಂತು, ಐದು ನಿಮಿಷ ನೋಡಿ ಆಫ್ ಮಾಡಿದ್ದೇನೆ. ಕಾಂಟ್ಯಾಕ್ಟರ್ ನಾಳೆ ಚಿಕ್ಕಬಳ್ಳಾಪುರದಲ್ಲಿ ಕೇಳುತ್ತೇನೆ. ಈಗ ಇರುವ ವೈರು ತೆಳ್ಳಗಿದೆ, ಸ್ವಿಚ್ ಬೋರ್ಡ್ ಹತ್ತಿರ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಅದನ್ನೂ ಬದಲಾಯಿಸಬೇಕು ಅಲ್ವಾ?

ಕೋಲಾರ ವೈರ್‌ಮನ್
ಕಂದು ಆಗಿದ್ದರೆ ಕೇಳುವುದೇನು, ಇವತ್ತೇ ಕಿತ್ತು ಹಾಕಿ. ಬಿಸಿಯಾಗಿ ಬೆಂದಿದೆ ಅಂತ ಅರ್ಥ. ಕಾಂಟ್ಯಾಕ್ಟರ್ ವಿಷಯ ಅವರು ಹೇಳಿದ್ದು ಸರಿ, ನಾನೇ ಬರೆಯಬೇಕಿತ್ತು.

ಹಳೇ ರೈತ, ವಿಜಯಪುರ
ಇಷ್ಟೆಲ್ಲ ಯಾಕಪ್ಪ? ನಾವು ನಲವತ್ತು ವರ್ಷ ಇದ್ದಲ ಒಲೆ ಇಟ್ಟುಕೊಂಡೇ ಹುಳು ಸಾಕಿದ್ದೇವೆ. ಕರೆಂಟು ಹೋದರೆ ನಿಮ್ಮ ಡಬ್ಬಿ ಏನು ಮಾಡುತ್ತದೆ? ಒಲೆ ರಾತ್ರಿ ಹನ್ನೊಂದಕ್ಕೆ ತುಂಬಿದರೆ ಬೆಳಿಗ್ಗೆವರೆಗೆ ಬರುತ್ತದೆ.

ನರ್ಸಕ್ಕ, ಗೌರಿಬಿದನೂರು
ದೊಡ್ಡವರೇ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಲು ಇಟ್ಟುಕೊಂಡು ಮಲಗಬೇಡಿ, ಯಾರಿಗೂ ಹೇಳಲೂ ಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆಯ ಹಾಗೆ ಕಣ್ಣೂ ಉರಿಯುವುದಿಲ್ಲ. ತಲೆನೋವು, ವಾಂತಿ, ಆಮೇಲೆ ಎಚ್ಚರವೇ ಇಲ್ಲ. ಹುಳು ಕಾಯಲು ಅಲ್ಲೇ ಚಾಪೆ ಹಾಕಿ ಮಲಗುವ ಮನೆಗಳು ನಮ್ಮ ಕಡೆ ಎಷ್ಟಿವೆ! ಹುಳುವಿಗೂ ಆ ಗಾಳಿ ಒಳ್ಳೆಯದಲ್ಲ.

ಹಳೇ ರೈತ, ವಿಜಯಪುರ
ಮಲಗುವುದು ಬೇಡ, ಒಪ್ಪುತ್ತೇನಮ್ಮ. ನಾವು ಮೇಲಿನ ಕಿಟಕಿ ತೆಗೆದೇ ಇಡುತ್ತಿದ್ದೆವು. ಹೊರಗೆ ಕೆಂಡ ಮಾಡಿ, ಹೊಗೆ ಹೋದ ಮೇಲೆ ಒಳಗೆ ತರುತ್ತಿದ್ದೆವು.

ನರ್ಸಕ್ಕ, ಗೌರಿಬಿದನೂರು
ಹೊಗೆ ಹೋದ ಕೆಂಡದಿಂದಲೂ ಆ ಗಾಳಿ ಬರುತ್ತದೆ ದೊಡ್ಡವರೇ, ಅದೇ ಭಯ. ಕರೆಂಟು ಹೋದಾಗ ಬೇರೆ ದಾರಿಯೇ ಇಲ್ಲ ಅಂದರೆ ಕಿಟಕಿ ತೆಗೆದಿಡಿ, ಒಳಗೆ ಯಾರೂ ಇರಬೇಡಿ.

ಮಧುಗಿರಿ ಮಂಜು
ಕರೆಂಟಿನ ವಿಷಯ ಬಂತಲ್ಲ, ಯಾರೂ ವೋಲ್ಟೇಜ್ ಬಗ್ಗೆ ಮಾತಾಡುತ್ತಿಲ್ಲ. ನಮ್ಮೂರಲ್ಲಿ ಸಂಜೆ ಏಳರ ಮೇಲೆ 180 ಇರುತ್ತದೆ. 180ರಲ್ಲಿ ಆ 2000 ವ್ಯಾಟಿನ ಹೀಟರ್ ಕೊಡುವುದು ಸುಮಾರು 1225 ವ್ಯಾಟು ಮಾತ್ರ. ವೋಲ್ಟೇಜ್ ಐದನೇ ಒಂದು ಭಾಗ ಇಳಿದರೆ ಶಾಖ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಚಳಿ ಜಾಸ್ತಿ ಆದ ಹೊತ್ತಿಗೇ ಶಾಖ ಕಮ್ಮಿ.

ಇನ್ನೊಂದು. ಕಾಂಟ್ಯಾಕ್ಟರ್ ಕಾಯಿಲ್ 230ರಲ್ಲಿ ಶೇ 85ರಷ್ಟಾದರೂ ಸಿಕ್ಕರೆ ಸರಿಯಾಗಿ ಎಳೆಯುತ್ತದೆ, ಅಂದರೆ 195ರ ಮೇಲೆ. 180ರಲ್ಲಿ ಅದು ಗರ್ರ್ ಅಂತ ನಡುಗುತ್ತದೆ. ನಡುಗಿದರೆ ಪಾಯಿಂಟಿನಲ್ಲಿ ಕಿಡಿ. ನಮ್ಮ ಬೋರ್‌ವೆಲ್ ಸ್ಟಾರ್ಟರಿನಲ್ಲಿ ಹೀಗೇ ಆಗಿ ಪಾಯಿಂಟು ಕರಗಿದ್ದು ಕಣ್ಣಾರೆ ನೋಡಿದ್ದೇನೆ.

ಚಿಂತಾಮಣಿ ಎಲೆಕ್ಟ್ರಿಕಲ್
ಮಂಜು ಹೇಳಿದ್ದು ಸರಿಯಾದ ಮಾತು. ಕಂಟ್ರೋಲರ್‌ಗೂ 220ಕ್ಕೆ ಶೇ 10 ಆಚೆ ಈಚೆ ಮಾತ್ರ ಅಂತ ಇದೆ. ಹೀಟರ್‌ಗೆ ಸ್ಟೆಬಿಲೈಜರ್ ಬೇಡ, ಸುಮ್ನೆ ದುಡ್ಡು ದಂಡ. ಕಂಟ್ರೋಲರ್ ಮತ್ತು ಕಾಯಿಲ್ ಎರಡಕ್ಕೆ ಮಾತ್ರ ಒಂದು ಸಣ್ಣ ಸ್ಟೆಬಿಲೈಜರ್ ಸಾಕು, ಹಳೇ ಟಿವಿಗೆ ಇಡುತ್ತಿದ್ದೆವಲ್ಲ ಅಂಥದ್ದು.

ಅಥವಾ ಕಾಂಟ್ಯಾಕ್ಟರೇ ಬೇಡ ಅಂದರೆ ಹೀಗೆ ಮಾಡಿ. ನಿಮ್ಮ ಹೀಟರ್‌ನಲ್ಲಿ ಎರಡು ರಾಡು ಇವೆ. ಒಂದನ್ನು ಮಾತ್ರ ಕಂಟ್ರೋಲರ್ ಮೂಲಕ ಓಡಿಸಿ, 4.3 ಆಂಪ್ಸ್ ಚಿಲ್ಲರೆ, ರಿಲೇಗೆ ಆರಾಮ. ಇನ್ನೊಂದಕ್ಕೆ ಬೇರೆ ಸ್ವಿಚ್ಚು, ತುಂಬಾ ಚಳಿ ಇರುವ ರಾತ್ರಿ ನೀವು ಎಚ್ಚರ ಇರುವವರೆಗೆ ಕೈಯಿಂದ ಹಾಕಿ.

ಮುಳಬಾಗಿಲು ಹುಡುಗ
ಕೈಯಿಂದ ಹಾಕುವ ಸ್ವಿಚ್ಚು ಬೇಡ ಅನ್ನುತ್ತೇನೆ ನಾನು. ಹಾಕಿ ಮರೆತು ಮಲಗಿದರೆ? ಮತ್ತೆ 34.

ಚಿಂತಾಮಣಿ ಎಲೆಕ್ಟ್ರಿಕಲ್
ಒಂದು ರಾಡಿನಿಂದ ಆ ಶೀಟಿನ ಮನೆ ರಾತ್ರಿ ಪೂರ್ತಿ ಓಡಿದರೂ 34ಕ್ಕೆ ಹೋಗುವುದು ಕಷ್ಟ. ಆದರೂ ನಿಮ್ಮ ಮಾತು ನಿಜ, ಮರೆವು ಯಾರಿಗೂ ತಪ್ಪಿದ್ದಲ್ಲ. ಕಾಂಟ್ಯಾಕ್ಟರೇ ಒಳ್ಳೆಯದು.

ಕೋಲಾರದವನು, ಈಗ ಚಿಕಾಗೊ
ಓದುತ್ತಾ ಇದ್ದೆ, ನಮ್ಮ ಮನೆಯ ಕಥೆ ನೆನಪಾಯಿತು. ಇಲ್ಲಿ ಮನೆ ಪೂರ್ತಿ ಬಿಸಿ ಮಾಡಲು ನೆಲಮಾಳಿಗೆಯಲ್ಲಿ ಗ್ಯಾಸಿನ ಫರ್ನೇಸ್ ಇರುತ್ತದೆ. ನಾವು ಕೊಂಡ ಮನೆಯಲ್ಲಿ ತುಂಬಾ ಹಳೇದು. ಗೋಡೆಯಲ್ಲಿ ದುಂಡಗಿನ ಥರ್ಮೋಸ್ಟಾಟ್, ಒಳಗೆ ಗಾಜಿನ ಬುರುಡೆಯಲ್ಲಿ ಒಂದು ಹನಿ ಪಾದರಸ. ಸುರುಳಿ ಪಟ್ಟಿ ಚಳಿಗೆ ತಿರುಗಿದರೆ ಬುರುಡೆ ವಾಲುತ್ತದೆ, ಪಾದರಸ ಜಾರಿ ಎರಡು ತಂತಿ ಮುಟ್ಟುತ್ತದೆ, ಕೆಳಗೆ ಫರ್ನೇಸ್ ಹತ್ತಿಕೊಳ್ಳುತ್ತದೆ.

ಅಲ್ಲೂ ಇದೇ ತತ್ವ. ಥರ್ಮೋಸ್ಟಾಟ್ ಏನೂ ಶಾಖ ಕೊಡುವುದಿಲ್ಲ, ಆರ್ ಅನ್ನುವ ವೈರನ್ನು ಡಬ್ಲ್ಯೂ ಅನ್ನುವುದಕ್ಕೆ ಸೇರಿಸುತ್ತದೆ ಅಷ್ಟೇ. ಆದರೆ ಅಲ್ಲಿ ಓಡುವುದು ಟ್ರಾನ್ಸ್‌ಫಾರ್ಮರಿನಿಂದ ಬರುವ 24 ವೋಲ್ಟು, ನಿಮ್ಮಲ್ಲಿ 230. ಈ ವ್ಯತ್ಯಾಸ ಮರೆಯಬೇಡಿ. ಯೂಟ್ಯೂಬಿನಲ್ಲಿ ಇಲ್ಲಿಯವರು ಬರೀ ಕೈಯಲ್ಲಿ ವೈರು ತಿರುಗಿಸುವುದು ನೋಡಿ ನೀವು ಹಾಗೆ ಮಾಡಬೇಡಿ.

ನಾನು ವೈಫೈ ಥರ್ಮೋಸ್ಟಾಟ್ ತಂದೆ. ಗೋಡೆಯಲ್ಲಿ ಎರಡೇ ವೈರು ಇತ್ತು. ಹೊಸದಕ್ಕೆ ಪರದೆ ಉರಿಯಲು ಸಿ ಅನ್ನುವ ಮೂರನೇ ವೈರು ಬೇಕು. ಕೊನೆಗೆ ಫರ್ನೇಸಿನಿಂದ ಹೊಸ ಕೇಬಲ್ ಎಳೆಸಿದೆ. ನನ್ನದೊಂದು ಸಲಹೆ: ಹಳೇದು ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಪ್ರತಿ ವೈರಿಗೂ ಕಾಗದದ ಚೀಟಿ ಅಂಟಿಸಿ. ಬಣ್ಣ ನಂಬಬೇಡಿ, ಹಿಂದಿನವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ.

ಕೋಲಾರ ವೈರ್‌ಮನ್
ಬಣ್ಣದ ಮಾತು ನೂರಕ್ಕೆ ನೂರು ಸತ್ಯ. ಕಪ್ಪು ವೈರಿನಲ್ಲಿ ಫೇಸ್ ಬರುವ ಮನೆ ವಾರಕ್ಕೊಂದು ನೋಡುತ್ತೇನೆ. ಅಣ್ಣ, ಚಿಕಾಗೊದಲ್ಲಿ ಅವರೆಕಾಯಿ ಸಿಗುತ್ತಾ?

ಕೋಲಾರದವನು, ಈಗ ಚಿಕಾಗೊ
ಫ್ರೋಜನ್ ಸಿಗುತ್ತದೆ, ಸೊಗಡು ಇರುವುದಿಲ್ಲ. ಡಿಸೆಂಬರ್ ಬಂದರೆ ಊರಿನದೇ ಯೋಚನೆ.

ತುಮಕೂರು ಬಾಡಿಗೆ ಮನೆ
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಗೀಸರ್ ಕೂಡ ಆಫ್ ಆಗದೆ ನೀರು ಕುದಿಯುವ ಹಾಗೆ ಬರುತ್ತಿದೆ. ಅದಕ್ಕೂ ಈ ಡಿಜಿಟಲ್ ಹಾಕಬಹುದಾ?

ಚಿಂತಾಮಣಿ ಎಲೆಕ್ಟ್ರಿಕಲ್
ಬೇಡವೇ ಬೇಡ. ಈಗಲೇ ಗೀಸರ್ ಆಫ್ ಮಾಡಿ. ಅದು ಮುಚ್ಚಿದ ಟ್ಯಾಂಕು, ನೀರು ಕುದಿದರೆ ಒತ್ತಡ ಏರುತ್ತದೆ. ಅದೇ ಅಳತೆಯ ಥರ್ಮೋಸ್ಟಾಟ್ ಮತ್ತು ಥರ್ಮಲ್ ಕಟೌಟ್ ಎರಡನ್ನೂ ಹೊಸದು ಹಾಕಿಸಿ, ಸೇಫ್ಟಿ ವಾಲ್ವ್ ಕೂಡ ನೋಡಿಸಿ. ನಮ್ಮ ಕಡೆ ಬೋರ್ ನೀರಿನ ಗಡಸಿಗೆ ಅದು ಸುಣ್ಣ ಕಟ್ಟಿ ಮುಚ್ಚಿಕೊಂಡಿರುತ್ತದೆ.

ರೇಷ್ಮೆ ಅಕ್ಕ, ಚಿಕ್ಕಬಳ್ಳಾಪುರ
ವೈರಿನ ಮಾತು ನಡೆಯಲಿ, ಸೆನ್ಸಾರ್ ಎಲ್ಲಿ ಇಟ್ಟಿದ್ದೀರಿ ಅಂತ ಯಾರೂ ಕೇಳಲಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ಗೋಡೆಯಲ್ಲಿ 26 ಇದ್ದರೆ ಹುಳುವಿನ ಹತ್ತಿರ 26 ಇರುವುದಿಲ್ಲ. ನಾನು ಒಂದು ರಾತ್ರಿ ಮೂರು ಥರ್ಮಾಮೀಟರ್ ಇಟ್ಟು ನೋಡಿದ್ದೆ. ತಟ್ಟೆ ಇಡುವ ಸ್ಟ್ಯಾಂಡಿನ ಮೇಲಿನ ಅಂಕಣದಲ್ಲಿ 28, ಕೆಳಗಿನದರಲ್ಲಿ 23. ಅದೇ ಮನೆ, ಅದೇ ಹೀಟರ್.

ಮಧ್ಯದ ಅಂಕಣದಲ್ಲಿ, ಹುಳು ಇರುವ ಎತ್ತರಕ್ಕೆ ಸೆನ್ಸಾರ್ ತೂಗು ಹಾಕಿ. ಹೀಟರ್‌ನ ಎದುರು ಬೇಡ, ಬಾಗಿಲ ಹತ್ತಿರ ಬೇಡ, ಸೊಪ್ಪಿನ ಒಳಗೆ ಹೂತಿಡಬೇಡಿ. ಮೂರನೇ ಹಂತಕ್ಕೆ (ಎರಡನೇ ಜ್ವರ ಎದ್ದ ಮೇಲೆ) 26, ನಾಲ್ಕಕ್ಕೆ 25, ಐದಕ್ಕೆ 24 ಇಡಿ. ದೊಡ್ಡ ಹುಳು ಆದಷ್ಟೂ ಶಾಖ ಕಮ್ಮಿ, ಗಾಳಿ ಜಾಸ್ತಿ.

ತೇವ ಮರೆಯಬೇಡಿ. ಹೀಟರ್ ಓಡಿದ ಹಾಗೆ ಗಾಳಿ ಒಣಗುತ್ತದೆ, ಸೊಪ್ಪು ಬಾಡುತ್ತದೆ, ಹುಳು ತಿನ್ನುವುದಿಲ್ಲ. ಮೂರನೇ ಹಂತದಲ್ಲಿ ಶೇ 80 ತೇವ ಬೇಕು. ನಾನು ಒದ್ದೆ ಗೋಣಿಚೀಲ ಕಿಟಕಿಗೆ ಕಟ್ಟುತ್ತೇನೆ. ಜ್ವರಕ್ಕೆ ಕೂತಾಗ ಮಾತ್ರ ತೆಗೆದುಬಿಡುತ್ತೇನೆ, ಆಗ ಹುಳುವಿನ ಹಾಸಿಗೆ (ಕೆಳಗಿನ ಸೊಪ್ಪು) ಒಣಗಿರಬೇಕು. ಚಳಿಯಲ್ಲಿ ತೇವ ಜಾಸ್ತಿ ಆಗಿ ಶಾಖ ಕಮ್ಮಿ ಆದರೆ ಸುಣ್ಣಕಟ್ಟು ರೋಗ ಬರುತ್ತದೆ. ಹುಳು ಸೀಮೆಸುಣ್ಣದ ಕಡ್ಡಿ ಥರ ಬೆಳ್ಳಗೆ ಗಟ್ಟಿಯಾಗಿ ಬಿದ್ದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಿಪ್ನೇರಳೆ ತೋಟ, ಶಿಡ್ಲಘಟ್ಟ
ಅಕ್ಕ, ನೀವು ಕೇಳಿದ್ದು ಒಳ್ಳೆಯದಾಯಿತು. ಸೆನ್ಸಾರ್ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಕಟ್ಟಿದ್ದೆ! ವೈರು ಉದ್ದ ಸಾಲಲಿಲ್ಲ ಅಂತ. ಅದನ್ನು ಕತ್ತರಿಸಿ ಉದ್ದ ಮಾಡಬಹುದಾ?

ಚಿಂತಾಮಣಿ ಎಲೆಕ್ಟ್ರಿಕಲ್
ಮಾಡಬಹುದು. ಎರಡು ಎಳೆಯ ತೆಳ್ಳನೆಯ ತಾಮ್ರದ ವೈರು ಬೆಸುಗೆ ಹಾಕಿ ಟೇಪ್ ಸುತ್ತಿ. ಅದಕ್ಕೆ ಪ್ಲಸ್ ಮೈನಸ್ ಇಲ್ಲ. ಸೆನ್ಸಾರ್ ವೈರನ್ನು ಹೀಟರ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ.

ಆಮೇಲೆ ಐಸ್ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಮಾಡಿದ ಐಸು, ಅದು ಮುಳುಗುವಷ್ಟೇ ನೀರು, ಸೆನ್ಸಾರ್ ತುದಿ ಮಧ್ಯದಲ್ಲಿ ಇಟ್ಟು ಕಲಕುತ್ತಾ ಇರಿ. ಸೊನ್ನೆ ತೋರಿಸಬೇಕು. 1.2 ತೋರಿಸಿದರೆ ಕಂಟ್ರೋಲರ್ ಸೆಟ್ಟಿಂಗಿನ ಎಫ್4ರಲ್ಲಿ (ಸೆನ್ಸಾರ್ ತಪ್ಪು ಸರಿ ಮಾಡುವುದು) ಮೈನಸ್ 1.2 ಕೊಡಿ.

ಸೆಟ್ಟಿಂಗ್ ಹೀಗೆ: ಎಸ್ ಬಟನ್ ಮೂರು ಸೆಕೆಂಡ್ ಒತ್ತಿದರೆ ಎಫ್1 (ಎಷ್ಟು ಶಾಖ ಬೇಕು ಅನ್ನುವುದು) ಬರುತ್ತದೆ. ಎಸ್ ಒತ್ತಿ ಹಿಡಿದೇ ಮೇಲೆ ಕೆಳಗೆ ಬಾಣ ಒತ್ತಿ 26 ಮಾಡಿ. ಎಫ್2 ಅಂದರೆ ಎಷ್ಟು ಇಳಿದ ಮೇಲೆ ಮತ್ತೆ ಆನ್ ಆಗಬೇಕು ಅನ್ನುವುದು. 1 ಕೊಟ್ಟರೆ 25ಕ್ಕೆ ಆನ್, 26ಕ್ಕೆ ಆಫ್. ಕೊನೆಗೆ ಪವರ್ ಬಟನ್ ಒಮ್ಮೆ ಒತ್ತಿದರೆ ಮಾತ್ರ ಉಳಿಯುತ್ತದೆ.

ಮಧುಗಿರಿ ಮಂಜು
ಎಫ್2 0.5 ಇಟ್ಟರೆ ಇನ್ನೂ ಸಮ ಇರುವುದಿಲ್ಲವಾ?

ಚಿಂತಾಮಣಿ ಎಲೆಕ್ಟ್ರಿಕಲ್
ಇರುತ್ತದೆ, ಆದರೆ ಕಾಂಟ್ಯಾಕ್ಟರ್ ರಾತ್ರಿ ಪೂರ್ತಿ ಟಕ ಟಕ ಬಡಿಯುತ್ತದೆ. ಹುಳುವಿಗೆ ಒಂದು ಡಿಗ್ರಿ ಏರಿಳಿತದಿಂದ ಏನೂ ಆಗುವುದಿಲ್ಲ.

ಕೋಲಾರ ವೈರ್‌ಮನ್
ಇನ್ನು ಎರಡು ಮಾತು, ಇದು ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಹುಳು ಮನೆ ನೆಲ ಯಾವಾಗಲೂ ಒದ್ದೆ. ಬ್ಲೀಚಿಂಗ್ ನೀರು, ಒದ್ದೆ ಗೋಣಿ, ಬರಿಗಾಲು. 30 ಮಿಲಿ ಆಂಪ್ಸಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಹಾಕಲೇಬೇಕು. ಎಂಸಿಬಿ ವೈರನ್ನು ಉಳಿಸುತ್ತದೆ, ಮನುಷ್ಯನನ್ನು ಉಳಿಸುವುದು ಇದು.

ಎರಡನೇದು, ಡಿಜಿಟಲ್ ಆದರೂ ಒಂದು ದಿನ ಅಂಟಿಕೊಳ್ಳುತ್ತದೆ, ಕಾಂಟ್ಯಾಕ್ಟರೂ ಅಂಟಿಕೊಳ್ಳುತ್ತದೆ. ಅದಕ್ಕೆ ಒಂದು ಸಾದಾ ಥರ್ಮೋಸ್ಟಾಟ್ ಹೊಸದು ತಂದು 30ಕ್ಕೆ ಇಟ್ಟು, ಹೀಟರ್‌ನ ಫೇಸ್ ವೈರಿನಲ್ಲೇ ಸಾಲಾಗಿ ಸೇರಿಸಿ. 16 ಆಂಪ್ಸಿನದು ತೆಗೆದುಕೊಳ್ಳಿ. ದಿನಾ ಅದಕ್ಕೆ ಕೆಲಸ ಇರುವುದಿಲ್ಲ, ಅದರ ಪಾಯಿಂಟು ಸುಡುವುದೂ ಇಲ್ಲ. ಮೊದಲನೆಯದು ಕೈಕೊಟ್ಟ ರಾತ್ರಿ ಅದು ಕಡಿಯುತ್ತದೆ.

ಚಿಂತಾಮಣಿ ಎಲೆಕ್ಟ್ರಿಕಲ್
ಕಾಯಿಲ್ ಲೈನಿನಲ್ಲಿ ಹಾಕಿದರೆ ಸಾಲದಾ? ವೈರು ಕಮ್ಮಿ.

ಕೋಲಾರ ವೈರ್‌ಮನ್
ಕಾಂಟ್ಯಾಕ್ಟರ್ ಪಾಯಿಂಟೇ ಅಂಟಿಕೊಂಡರೆ ಕಾಯಿಲ್ ಕಡಿದು ಏನು ಪ್ರಯೋಜನ? ಹೀಟರ್ ಲೈನಿನಲ್ಲೇ ಇರಬೇಕು.

ಚಿಂತಾಮಣಿ ಎಲೆಕ್ಟ್ರಿಕಲ್
ಒಪ್ಪಿದೆ. ನೀವು ಹೇಳಿದ ಹಾಗೇ ಮಾಡಲಿ.

ಹಿಪ್ನೇರಳೆ ತೋಟ, ಶಿಡ್ಲಘಟ್ಟ
ಬುಧವಾರ ಬರೆಯುತ್ತಿದ್ದೇನೆ. ಶನಿವಾರ ನಮ್ಮೂರ ವೈರ್‌ಮನ್ ಕರೆದು, ನಿಮ್ಮ ಮಾತುಗಳನ್ನೆಲ್ಲ ಫೋನಿನಲ್ಲಿ ತೋರಿಸಿ, ಪಕ್ಕದಲ್ಲೇ ನಿಂತು ಮಾಡಿಸಿದೆ. ಹೊಸ ವೈರು, ಎಂಸಿಬಿ, ಆರ್‌ಸಿಸಿಬಿ, ಕಾಂಟ್ಯಾಕ್ಟರ್, 30ಕ್ಕೆ ಇಟ್ಟ ಎರಡನೇ ಥರ್ಮೋಸ್ಟಾಟ್. ಎಲ್ಲ ಒಂದು ಪೆಟ್ಟಿಗೆಯಲ್ಲಿ, ನೆಲದಿಂದ ಐದು ಅಡಿ ಮೇಲೆ. ಆರ್‌ಸಿಸಿಬಿ ಹಾಕಿದ ತಕ್ಷಣ ಟ್ರಿಪ್ ಆಯಿತು. ನೋಡಿದರೆ ಒಂದು ರಾಡಿನ ಬುಡದಲ್ಲಿ ತೇವ ಸೇರಿ ಬಾಡಿಗೆ ಕರೆಂಟು ಸೋರುತ್ತಿತ್ತು. ಇಷ್ಟು ದಿನ ಅಮ್ಮ ಬರಿಗಾಲಲ್ಲಿ ಆ ಹೀಟರ್ ಸರಿಸುತ್ತಿದ್ದಳು. ರಾಡು ಬದಲಾಯಿಸಿದೆವು.

ಐಸಿನಲ್ಲಿ 0.8 ತೋರಿಸಿತು, ಸರಿ ಮಾಡಿದೆ. ಸೆನ್ಸಾರ್ ಮಧ್ಯದ ಅಂಕಣಕ್ಕೆ ಬಂತು. ಪೆಟ್ಟಿಗೆ ಬೆಲೆ ಕೇಳಿ ಅಪ್ಪ ಮೊದಲು ಬೈದರು. ಆದರೆ ನಿನ್ನೆ ರಾತ್ರಿ ಎರಡಕ್ಕೆ ಅವರೇ ಎದ್ದು ಟಾರ್ಚ್ ಹಿಡಿದು ನೋಡಿ ಬಂದು, 25.6 ಇದೆ ಮಲಗು ಅಂದರು. ಹೊರಗೆ ಮಂಜು, ಅಂಗಳದಲ್ಲಿ 15 ಇತ್ತು.

ರೇಷ್ಮೆ ಅಕ್ಕ, ಚಿಕ್ಕಬಳ್ಳಾಪುರ
ಓದಿ ಮನಸ್ಸಿಗೆ ಸಮಾಧಾನ ಆಯಿತು. ಅಮ್ಮನ ವಿಷಯ ಓದಿ ಮೈ ಜುಮ್ ಅಂತು. ಹುಳು ಮೂರನೇ ಜ್ವರಕ್ಕೆ ಕೂತವಾ?

ಹಿಪ್ನೇರಳೆ ತೋಟ, ಶಿಡ್ಲಘಟ್ಟ
ಇವತ್ತು ಸಂಜೆಯಿಂದ ಕೂರುತ್ತಿವೆ ಅಕ್ಕ. ಗೋಣಿಚೀಲ ತೆಗೆದೆ, ಸುಣ್ಣದ ಪುಡಿ ಉದುರಿಸಿದೆ. ಮೇಲಿನ ಅಂಕಣದವು ಎಲ್ಲ ಕೂತಿವೆ, ಕೆಳಗಿನವು ಇನ್ನೂ ತಿನ್ನುತ್ತಿವೆ.

ರೇಷ್ಮೆ ಅಕ್ಕ, ಚಿಕ್ಕಬಳ್ಳಾಪುರ
ಶಾಖದ ವ್ಯತ್ಯಾಸಕ್ಕೇ ಹಾಗೆ ಹಿಂದೆ ಮುಂದೆ ಆಗುವುದು. ಎದ್ದ ಮೇಲೆ ದಿನಕ್ಕೊಂದು ಸಲ ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ ಇಡಿ. ಎಲ್ಲ ಎದ್ದ ಮೇಲೇ ಸೊಪ್ಪು ಹಾಕಿ, ಮೊದಲು ಎದ್ದವು ಸ್ವಲ್ಪ ಕಾಯಲಿ.

ಹಳೇ ರೈತ, ವಿಜಯಪುರ
ಅಕ್ಕ ಹೇಳಿದ್ದು ಸರಿ. ಮಗಾ, ಆ ಪೆಟ್ಟಿಗೆಗೆ ಎಲ್ಲ ಸೇರಿ ಎಷ್ಟಾಯಿತು ಅಂತ ಬರಿ. ನನ್ನ ಮೊಮ್ಮಗನಿಗೂ ಒಂದು ಮಾಡಿಸಬೇಕು.